ಅಡಿಗಲ್ಲಿಗೆ ಮುಂಚೆ ಗಾಳಿಯ ಲೆಕ್ಕ: ಹೊಸ ವಿಮಾನ ನಿಲ್ದಾಣ ಕಟ್ಟಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಗರದ ಹಳೆಯ ವಿಮಾನ ನಿಲ್ದಾಣ ಸಾಲುತ್ತಿಲ್ಲ, ಅದನ್ನು ಮುಚ್ಚಿ ಊರಾಚೆ ಹೊಸದೊಂದನ್ನು ಕಟ್ಟಬೇಕು ಎಂಬ ಮಾತು ನಿಮ್ಮ ಮುಂದೆ ಬಂದಿದೆ. ನೀವು ಯಾವ ದೇಶದ, ಯಾವ ನಗರದ ಹೊಣೆ ಹೊತ್ತವರೇ ಆಗಿರಿ, ಈ ಪತ್ರ ನಿಮಗೇ. ನಾನು ಇಂಜಿನಿಯರ್ ಅಲ್ಲ. ವಿಮಾನ ನಿಲ್ದಾಣಗಳ ಯೋಜನಾ ವರದಿಗಳನ್ನು ಹುಡುಕಿಕೊಂಡು ಓದುವ ಹುಚ್ಚು ಹತ್ತಿಸಿಕೊಂಡವನು. ಓದಿದಷ್ಟೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಎಷ್ಟೋ ಕಡೆ ಜಾಗ ಮೊದಲು ಗೊತ್ತಾಗುತ್ತದೆ, ಅಧ್ಯಯನ ಆಮೇಲೆ ಬರುತ್ತದೆ. ಹಾಗೆ ಬಂದ ಅಧ್ಯಯನಕ್ಕೆ 'ಈ ಜಾಗ ಸರಿಯಿಲ್ಲ' ಎಂದು ಹೇಳುವ ಧೈರ್ಯ ಇರುವುದಿಲ್ಲ. ಅಷ್ಟು ಹೊತ್ತಿಗೆ ನಕ್ಷೆ ಪತ್ರಿಕೆಯಲ್ಲಿ ಬಂದಿರುತ್ತದೆ, ಸುತ್ತಲಿನ ಜಮೀನು ಕೈ ಬದಲಾಗಿರುತ್ತದೆ, ಹಿಂದೆ ಸರಿದರೆ ಮುಖಭಂಗ ಎಂಬ ಸ್ಥಿತಿ ಬಂದಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. 'ಬೇಡ' ಎನ್ನಲು ಇನ್ನೂ ದಾರಿ ಇರುವಾಗಲೇ ಅಧ್ಯಯನ ಮಾಡಿಸಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಹೊಸ ಜಾಗದ್ದಲ್ಲ, ಹಳೆಯ ನಿಲ್ದಾಣದ್ದು. ಅದು ನಿಜವಾಗಿ ತುಂಬಿದೆಯಾ? ತುಂಬಿದ್ದರೆ ಏನು ತುಂಬಿದೆ? ತಪಾಸಣೆಯ ಸಾಲು ಬಾಗಿಲಾಚೆಗೆ ಬಂದಿದ್ದರೆ ಅದು ಟರ್ಮಿನಲ್‌ನ ತೊಂದರೆ. ವಿಮಾನ ಇಳಿದ ಮೇಲೂ ನಿಲ್ಲಲು ಜಾಗ ಸಿಗದಿದ್ದರೆ ಅದು ನಿಲುಗಡೆಯ ತೊಂದರೆ. ಆಕಾಶದಲ್ಲಿ ಸುತ್ತು ಹೊಡೆಯುತ್ತಾ ಸರದಿ ಕಾಯಬೇಕಾಗಿದ್ದರೆ ಮಾತ್ರ ರನ್‌ವೇ ತೊಂದರೆ ಇರಬಹುದು. ಅದರಲ್ಲೂ ರನ್‌ವೇಯಿಂದ ಬೇಗ ಹೊರಬರಲು ಓರೆ ದಾರಿ ಇಲ್ಲದ್ದರಿಂದಲೋ, ವಿಮಾನಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಅಂತರ ಇಡುತ್ತಿರುವುದರಿಂದಲೋ ಹಾಗಾಗುತ್ತಿರಬಹುದು. ಪ್ರಯಾಣಿಕನಿಗೆ ಇವೆಲ್ಲ ಒಂದೇ ರೀತಿ ಕಾಣುತ್ತವೆ, ತಡವಾಯಿತು ಅಷ್ಟೇ. ಆದರೆ ಒಂದೊಂದಕ್ಕೂ ಮದ್ದು ಬೇರೆ. ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದರೆ ಆದೀತೇ?

ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣವನ್ನೇ ನೋಡಿ. ಅಲ್ಲಿ ಒಂದು ಹೊತ್ತಿಗೆ ಒಂದೇ ರನ್‌ವೇ ಬಳಸಿಕೊಂಡು 2019ರಲ್ಲಿ 4.6 ಕೋಟಿಗೂ ಜಾಸ್ತಿ ಪ್ರಯಾಣಿಕರನ್ನು ಸಾಗಿಸಿದರು. ಎಲ್ಲ ಊರಿಗೂ ಅದು ಸಾಧ್ಯ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ವಿಮಾನ ಸಂಚಾರ ನಿಯಂತ್ರಣದವರ ನುರಿತ ಕೈ ಬೇಕು, ತಕ್ಕ ಯಂತ್ರಗಳು ಬೇಕು, ಸುತ್ತಲಿನ ಜನ ಸದ್ದು ತಡೆದುಕೊಳ್ಳಬೇಕು. ಆದರೆ 'ಒಂದೇ ರನ್‌ವೇ ಇದೆ, ಹಾಗಾಗಿ ಕಥೆ ಮುಗಿಯಿತು' ಎಂದು ಯಾರಾದರೂ ನಿಮಗೆ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ. ಹಳೆಯ ನಿಲ್ದಾಣವನ್ನು ಪೂರ್ತಿ ದುಡಿಸಿಕೊಂಡರೆ ಇನ್ನೆಷ್ಟು ವರ್ಷ ಸಿಗುತ್ತದೆ ಎಂಬುದು ವರದಿಯ ಮೊದಲ ಅಧ್ಯಾಯ ಆಗಬೇಕು. ಐದು ವರ್ಷ ಸಿಕ್ಕರೂ ಅದು ದೊಡ್ಡ ಲಾಭ. ಆ ಐದು ವರ್ಷದಲ್ಲಿ ಸರಿಯಾಗಿ ಅಳೆಯಬಹುದು, ಯೋಚಿಸಬಹುದು.

ಆಮೇಲೆ ಬರುವುದು ಮುಂದಿನ ವರ್ಷಗಳಲ್ಲಿ ಎಷ್ಟು ಜನ ಹಾರಾಡುತ್ತಾರೆ ಎಂಬ ಅಂದಾಜು. ಇಲ್ಲಿ ಎಡವಿದವರ ಕಥೆ ಹೇಳಲು ಕೆನಡಾಕ್ಕೆ ಹೋಗಬೇಕು. ಮಾಂಟ್ರಿಯಲ್ ನಗರಕ್ಕೆ ಡೋರ್ವಲ್ ಎಂಬ ಹಳೆಯ ನಿಲ್ದಾಣ ಇತ್ತು. 1960ರ ದಶಕದಲ್ಲಿ ಪ್ರಯಾಣಿಕರ ಸಂಖ್ಯೆ ಏರುತ್ತಾ ಇತ್ತು. ಆ ಗೆರೆಯನ್ನೇ ಮುಂದಕ್ಕೆ ಎಳೆದು, ಡೋರ್ವಲ್ ಖಂಡಿತ ಸಾಲುವುದಿಲ್ಲ ಎಂದು ತೀರ್ಮಾನಿಸಿದರು. ನಗರದಿಂದ ದೂರ ಮಿರಾಬೆಲ್‌ನಲ್ಲಿ ಸುಮಾರು 97,000 ಎಕರೆ ವಶಪಡಿಸಿಕೊಂಡರು. ಸುಮಾರು 3,000 ಕುಟುಂಬಗಳು ನೆಲ ಕಳೆದುಕೊಂಡವು. 1975ರ ಅಕ್ಟೋಬರ್‌ನಲ್ಲಿ ನಿಲ್ದಾಣ ಶುರುವಾಯಿತು. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. 1973ರಲ್ಲಿ ತೈಲದ ಬೆಲೆ ಏರಿತು. ಅಟ್ಲಾಂಟಿಕ್ ದಾಟಿ ಬಂದ ವಿಮಾನಗಳು ಮೊದಲು ಮಾಂಟ್ರಿಯಲ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದವು. ಹೊಸ ಜೆಟ್‌ಗಳಿಗೆ ಆ ಅಗತ್ಯವೇ ಉಳಿಯಲಿಲ್ಲ, ಅವು ನೇರವಾಗಿ ಮುಂದೆ ಹೋದವು. ವ್ಯಾಪಾರ ವಹಿವಾಟು ಟೊರೊಂಟೊ ಕಡೆ ಹೊರಳಿತು. ನಗರದಿಂದ ಮಿರಾಬೆಲ್‌ಗೆ ಹಾಕುತ್ತೇವೆ ಎಂದಿದ್ದ ವೇಗದ ರೈಲು ಬರಲೇ ಇಲ್ಲ. ಅದರ ಮೇಲೆ ಇನ್ನೊಂದು ತಪ್ಪು: ವಿದೇಶಿ ವಿಮಾನಗಳನ್ನು ಮಾತ್ರ ಮಿರಾಬೆಲ್‌ಗೆ ಕಳಿಸಿ, ದೇಶದೊಳಗಿನವನ್ನು ಡೋರ್ವಲ್‌ನಲ್ಲೇ ಉಳಿಸಿಕೊಂಡರು. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕಾದವರು ಪೆಟ್ಟಿಗೆ ಹೊತ್ತು ರಸ್ತೆಯಲ್ಲಿ ಹೋಗಬೇಕಾಯಿತು. ಈ ಪಾಡು ಯಾರಿಗೆ ಬೇಕು ಎಂದು ಜನ ಟೊರೊಂಟೊದಲ್ಲೇ ವಿಮಾನ ಬದಲಿಸಿದರು.

2004ರ ಅಕ್ಟೋಬರ್ 31ಕ್ಕೆ ಮಿರಾಬೆಲ್‌ನಿಂದ ಕೊನೆಯ ಪ್ರಯಾಣಿಕ ವಿಮಾನ ಹೊರಟಿತು. 2014ರಲ್ಲಿ ಆ ಟರ್ಮಿನಲ್ ಕೆಡವಲು ಶುರು ಮಾಡಿದರು. ರನ್‌ವೇ ಉಳಿಯಿತು, ಸರಕು ವಿಮಾನ ಬರುತ್ತದೆ, ಪಕ್ಕದಲ್ಲಿ ವಿಮಾನ ತಯಾರಿಸುವ ಕಾರ್ಖಾನೆ ಇದೆ. ಆದರೆ ಯಾವ ನಿಲ್ದಾಣ ಸಾಲುವುದಿಲ್ಲ ಎಂದು ಇಷ್ಟೆಲ್ಲ ಮಾಡಿದರೋ ಆ ಡೋರ್ವಲ್ ಈಗಲೂ ಮಾಂಟ್ರಿಯಲ್‌ನ ಮುಖ್ಯ ನಿಲ್ದಾಣ. ವಶಪಡಿಸಿಕೊಂಡ ಭೂಮಿಯಲ್ಲಿ ಬಹುಪಾಲನ್ನು ಮುಂದೆ ಹಳೆಯ ಒಡೆಯರಿಗೆ ಮಾರಿ ವಾಪಸು ಕೊಟ್ಟರು. ಕಿತ್ತ ಬೇರು ಮತ್ತೆ ಹಾಗೇ ಊರುವುದಿಲ್ಲ, ಅದು ನಿಮಗೂ ಗೊತ್ತು.

ಅಂದಾಜು ತಪ್ಪಾಗುವುದು ಸಹಜ. ಮೂವತ್ತು ವರ್ಷ ಮುಂದಿನದನ್ನು ಯಾರೂ ಕರಾರುವಾಕ್ಕಾಗಿ ಹೇಳಲಾರರು. ಅದಕ್ಕೇ ಒಂದೇ ಗೆರೆಯ ಮೇಲೆ ನಗರದ ಭವಿಷ್ಯ ಕಟ್ಟಬೇಡಿ. ಬೆಳವಣಿಗೆ ನಿಧಾನವಾದರೆ ಏನು, ನಡುವಿನ ಮಟ್ಟದಲ್ಲಿದ್ದರೆ ಏನು, ಜೋರಾದರೆ ಏನು ಎಂದು ಮೂರು ಲೆಕ್ಕ ಹಾಕಿಸಿ. ಮೂರರಲ್ಲೂ ನಿಲ್ಲುವ ಯೋಜನೆ ಯಾವುದೋ ಅದನ್ನು ಹುಡುಕಿ. ಲೆಕ್ಕ ಇನ್ನೊಂದು ಕಡೆಗೂ ತಪ್ಪಬಹುದು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅದರ ಟರ್ಮಿನಲ್ ಹಿಗ್ಗಿಸಬೇಕಾಯಿತು, ಆಮೇಲೆ ಎರಡನೇ ರನ್‌ವೇ, ಎರಡನೇ ಟರ್ಮಿನಲ್ ಬಂದವು. ಹಿಗ್ಗಿಸಲು ಜಾಗ ಇತ್ತು, ಅದರಿಂದ ಬದುಕಿತು. ಹಂತ ಹಂತವಾಗಿ ಕಟ್ಟುವ ಯೋಜನೆಗೆ ಎರಡೂ ಕಡೆಯ ತಪ್ಪನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಅದೇ ಬೆಂಗಳೂರಿನಿಂದ ಕಲಿಯಬೇಕಾದ ಇನ್ನೊಂದು ವಿಷಯ ಒಪ್ಪಂದದ ಷರತ್ತು. ಹೊಸ ನಿಲ್ದಾಣ ಶುರುವಾದ ಮೇಲೆ 25 ವರ್ಷ, 150 ಕಿ.ಮೀ. ಒಳಗೆ ಇನ್ನೊಂದು ವಿಮಾನ ನಿಲ್ದಾಣಕ್ಕೆ ಅಡ್ಡಿಯಾಗುವ ಷರತ್ತು ಅಲ್ಲಿನ ಒಪ್ಪಂದದಲ್ಲಿದೆ. ಹಣ ಹೂಡುವವರು ಭರವಸೆ ಕೇಳುವುದು ತಪ್ಪಲ್ಲ. ಆದರೆ ಇಂಥ ಒಂದು ಸಾಲಿಗೆ ಸಹಿ ಹಾಕುವಾಗ ಒಂದು ತಲೆಮಾರಿನ ಕೈ ಕಟ್ಟುತ್ತಿದ್ದೇವೆ ಎಂಬ ಅರಿವು ಬೇಕು. ಅಧ್ಯಯನ ಮುಗಿಯುವ ಮುಂಚೆ ಇಂಥ ಷರತ್ತಿಗೆ ದಯವಿಟ್ಟು ಒಪ್ಪಬೇಡಿ.

ಇನ್ನು ಜಾಗದ ವಿಷಯ. ನನ್ನ ಮಟ್ಟಿಗೆ ಇಡೀ ಅಧ್ಯಯನದ ಜೀವ ಇರುವುದು ಇಲ್ಲೇ. ಅದರಲ್ಲೂ ಗಾಳಿಯಲ್ಲಿ.

ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿ ಇಳಿಯುತ್ತದೆ. ಪಕ್ಕದಿಂದ ಜೋರಾಗಿ ಗಾಳಿ ಬಡಿದರೆ ಇಳಿಯುವುದು ಕಷ್ಟ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದಕ್ಕೊಂದು ಅಳತೆ ಇಟ್ಟಿದೆ. ನಿಲ್ದಾಣ ಯಾವ ವಿಮಾನಗಳಿಗಾಗಿ ಇದೆಯೋ ಅವು ನೂರರಲ್ಲಿ 95 ಪಾಲು ಹೊತ್ತು ಅಡ್ಡಗಾಳಿಯ ಕಾಟವಿಲ್ಲದೆ ಬಳಸುವಂತೆ ರನ್‌ವೇಯ ದಿಕ್ಕು ಇರಬೇಕು. ದೊಡ್ಡ ವಿಮಾನಗಳ ಲೆಕ್ಕಕ್ಕೆ ಅಡ್ಡಗಾಳಿಯ ಮಿತಿ ಗಂಟೆಗೆ 37 ಕಿ.ಮೀ. ಇದನ್ನು ಲೆಕ್ಕ ಹಾಕಲು ಗಾಳಿಯ ದಾಖಲೆ ಆದಷ್ಟೂ ದೀರ್ಘ ಕಾಲದ್ದಿರಬೇಕು, ಐದು ವರ್ಷಕ್ಕಿಂತ ಕಡಿಮೆ ಇಲ್ಲದಿದ್ದರೆ ಒಳ್ಳೆಯದು, ದಿನಕ್ಕೆ ಕನಿಷ್ಠ ಎಂಟು ಸಲ ಸಮ ಅಂತರದಲ್ಲಿ ಅಳೆದಿರಬೇಕು ಎನ್ನುತ್ತದೆ ಆ ಸಂಸ್ಥೆಯ ಮಾರ್ಗಸೂಚಿ. ನಾನು ಕೂತು ಗುಣಿಸಿ ನೋಡಿದೆ. ದಿನಕ್ಕೆ ಎಂಟು, ವರ್ಷಕ್ಕೆ 365 ದಿನ, ಐದು ವರ್ಷ. 14,600 ಸಲ ಆಗುತ್ತದೆ.

14,600 ಸಲ ಆ ಬಯಲಿನಲ್ಲಿ ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡಬೇಕು. ನಡುರಾತ್ರಿ, ಬೆಳಗಿನ ಜಾವ, ಸುಡುವ ಮಧ್ಯಾಹ್ನ, ಮಳೆ ಹೊಡೆಯುವಾಗ. ಅಧಿಕಾರಿಗಳ ತಂಡ ಒಂದು ದಿನ ಹತ್ತು ಗಂಟೆಗೆ ಕಾರಿನಲ್ಲಿ ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಹೊರಟುಹೋದರೆ ಇದು ಗೊತ್ತಾಗುವುದಿಲ್ಲ. ಹತ್ತು ಗಂಟೆಗೆ ಮಂಜು ಕರಗಿರುತ್ತದೆ. ಒಮ್ಮೆ ಬೆಳಗಿನ ಜಾವ ಐದೂವರೆಗೆ ತಗ್ಗಿನ ಒಂದು ಬಯಲಿನಲ್ಲಿ ನಾನು ನಿಂತಿದ್ದೆ. ಬೇಲಿಯ ಮೊದಲ ಕಂಬ ಕಾಣುತ್ತಿತ್ತು. ಎರಡನೆಯದು ಅಸ್ಪಷ್ಟ. ಮೂರನೆಯದು ಇಲ್ಲ. ಒಂದು ಫರ್ಲಾಂಗ್ ಆಚೆ ದಿಬ್ಬ ಹತ್ತಿದರೆ ನಕ್ಷತ್ರ ಕಾಣುತ್ತಿತ್ತು. ಒಂಬತ್ತು ಗಂಟೆಗೆ ಅದೇ ಬಯಲಿಗೆ ಬಂದವರಿಗೆ ಮಂಜಿನ ಮಾತು ಹೇಳಿದರೂ ನಂಬುತ್ತಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಸಾಮಾನ್ಯವಾಗಿ ಸಮತಟ್ಟಾದ, ತಗ್ಗಿನ ಬಯಲನ್ನೇ ಹುಡುಕುತ್ತೇವೆ. ಮಂಜು ಕೂರುವುದೂ ಅಲ್ಲೇ.

ನಾರ್ವೆಯಲ್ಲಿ ಇದೇ ಮಂಜು ಇಡೀ ದೇಶದ ರಾಜಕೀಯವನ್ನು ಅಲ್ಲಾಡಿಸಿತು. ಓಸ್ಲೊ ನಗರದ ಹಳೆಯ ಫೋರ್ನೆಬು ನಿಲ್ದಾಣಕ್ಕೆ ಬದಲಿ ಬೇಕಿತ್ತು. 1988ರಲ್ಲಿ ಅಲ್ಲಿನ ಸಂಸತ್ತು ಹುರುಮ್ ಎಂಬ ಜಾಗ ಆರಿಸಿತು. ಆಮೇಲೆ ಹವಾಮಾನದ ಅಳತೆಗಳು ಬಂದವು. ಅಲ್ಲಿ ಮಂಜು, ಕೆಟ್ಟ ಹವಾಮಾನ ಜಾಸ್ತಿ ಎಂದು ಅವು ಹೇಳಿದವು. ಹುರುಮ್ ಕೈಬಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಆ ಅಳತೆಗಳೇ ಸರಿಯಿದ್ದವೇ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 1992ರಲ್ಲಿ ಗಾರ್ಡರ್‌ಮೋನ್ ಎಂಬ ಇನ್ನೊಂದು ಜಾಗಕ್ಕೆ ಒಪ್ಪಿಗೆ ಸಿಕ್ಕಿತು, 1998ರ ಅಕ್ಟೋಬರ್‌ನಲ್ಲಿ ಅದು ಶುರುವಾಯಿತು. ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಅಳತೆ ಮೊದಲೇ ಆಗಿ, ಅದರ ಪ್ರತಿಯೊಂದು ಅಂಕಿಯೂ ಎಲ್ಲರ ಮುಂದೆ ಇದ್ದಿದ್ದರೆ, ಸಂಸತ್ತು ತಾನೇ ಆರಿಸಿದ ಜಾಗದಿಂದ ಹೀಗೆ ಹಿಂದೆ ಸರಿಯಬೇಕಿರಲಿಲ್ಲ. ಜನರಿಗೂ ಅಳತೆಯ ಮೇಲೆ ಅನುಮಾನ ಬರುತ್ತಿರಲಿಲ್ಲ. ಅಳೆಯುವುದು ಎಷ್ಟು ಮುಖ್ಯವೋ, ಅಳೆದದ್ದನ್ನು ತೆರೆದಿಡುವುದೂ ಅಷ್ಟೇ ಮುಖ್ಯ.

ಗಾಳಿಯ ಜೊತೆಗೆ ಎತ್ತರ, ಬಿಸಿಲು. ಸಮುದ್ರ ಮಟ್ಟದಿಂದ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ವಿಮಾನ ಏರಲು ಜಾಸ್ತಿ ಓಡಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದ ಶೇ 7ರಷ್ಟು ಹೆಚ್ಚಿಸಬೇಕು ಎಂಬುದು ಒಂದು ಒಪ್ಪಿತ ಲೆಕ್ಕ. ಕಡಲ ತೀರದಲ್ಲಿ 2,500 ಮೀಟರ್ ಸಾಕಾಗುವ ಕಡೆ, 900 ಮೀಟರ್ ಎತ್ತರದ ಊರಿನಲ್ಲಿ 3,000 ಮೀಟರ್ ದಾಟುತ್ತದೆ. ಸೆಕೆಗೆ ಮತ್ತಷ್ಟು ಸೇರಿಸಬೇಕು. ನಕ್ಷೆಯ ಮೇಲೆ ಸಾಕು ಎಂದು ಕಂಡ ಜಾಗ ನೆಲದ ಮೇಲೆ ಸಾಲದೆ ಹೋಗುವುದು ಹೀಗೆ.

ರನ್‌ವೇ ತುದಿಯಿಂದ ಆಚೆಗೂ ನೋಡಬೇಕು. ವಿಮಾನ ಇಳಿದು ಬರುವ ದಾರಿಯಲ್ಲಿ ಸುಮಾರು 15 ಕಿ.ಮೀ.ವರೆಗೆ ಅಡೆತಡೆಯ ಲೆಕ್ಕ ಇಡುತ್ತಾರೆ. ಹತ್ತಿರದ 3 ಕಿ.ಮೀ.ಯಲ್ಲಿ ಪ್ರತಿ 50 ಮೀಟರ್ ದೂರಕ್ಕೆ ಒಂದು ಮೀಟರ್ ಎತ್ತರ ಮಾತ್ರ ಬಿಡುತ್ತಾರೆ. ಅಂದರೆ ಎರಡು ಕಿ.ಮೀ. ದೂರದಲ್ಲಿ ಇರುವ ಚಿಮಣಿ ಸುಮಾರು 40 ಮೀಟರ್ ದಾಟುವಂತಿಲ್ಲ. ಒಂದು ಗುಡ್ಡ, ಒಂದು ವಿದ್ಯುತ್ ಗೋಪುರದ ಸಾಲು, ಊರಿನ ನೀರಿನ ಟ್ಯಾಂಕು, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಹತ್ತಿರ ಕೆರೆಯೋ ಕಸದ ಗುಡ್ಡೆಯೋ ಇದ್ದರೆ ಹಕ್ಕಿಗಳ ಹಿಂಡು ಬರುತ್ತದೆ. ಪಕ್ಕದಲ್ಲಿ ಸೇನೆಯ ವಾಯುನೆಲೆ ಇದ್ದರೆ ಆಕಾಶವೇ ಹಂಚಿಹೋಗಿರುತ್ತದೆ.

ಕಾಲ ಕೆಳಗಿನ ನೆಲದ ಬಗ್ಗೆ ಒಂದು ಮಾತು. ಜಪಾನಿನ ಕನ್ಸಾಯ್ ನಿಲ್ದಾಣ 1994ರಲ್ಲಿ ಶುರುವಾಯಿತು. ಸದ್ದು ಯಾರಿಗೂ ತಟ್ಟದಿರಲಿ ಎಂದು ಸಮುದ್ರದಲ್ಲಿ ದ್ವೀಪವನ್ನೇ ಕಟ್ಟಿದರು. ತಳದ ಜೇಡಿ ಕುಸಿಯುತ್ತದೆ ಎಂದು ಅವರಿಗೆ ಗೊತ್ತಿತ್ತು, ಆದರೆ ಅಂದಾಜಿಗಿಂತ ಜಾಸ್ತಿ ಕುಸಿಯಿತು. ಕಟ್ಟಲು ಶುರು ಮಾಡಿದಾಗಿನಿಂದ ಹತ್ತು ಮೀಟರಿಗೂ ಜಾಸ್ತಿ ಇಳಿದಿದೆ. 2018ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂದು ರನ್‌ವೇ ಮೇಲೆ ನೀರು ನಿಂತಿತು, ದ್ವೀಪಕ್ಕಿದ್ದ ಒಂದೇ ಸೇತುವೆಗೆ ಹಡಗು ಗುದ್ದಿತು. ಅಷ್ಟು ಎಚ್ಚರದಿಂದ ಮಣ್ಣು ನೋಡಿದವರ ಕಥೆಯೇ ಹೀಗೆ. ಮಣ್ಣು ನೋಡದೆ ಹೊರಟವರ ಗತಿ ಏನಾಗಬೇಡ?

ಈಗ ನೆಲದ ಮೇಲೆ ಬದುಕುವವರ ವಿಷಯಕ್ಕೆ ಬರುತ್ತೇನೆ. ಯೋಜನೆ ನಿಂತುಹೋದರೆ ಜನ ಪಾರಾದರು ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಟೊರೊಂಟೊದ ಹತ್ತಿರ ಪಿಕರಿಂಗ್‌ನಲ್ಲಿ 1972ರಲ್ಲಿ ಹೊಸ ನಿಲ್ದಾಣಕ್ಕಾಗಿ 18,600 ಎಕರೆ ವಶಪಡಿಸಿಕೊಳ್ಳುವ ಘೋಷಣೆ ಆಯಿತು. 1975ರಲ್ಲಿ ಯೋಜನೆಯನ್ನು ಬದಿಗಿಟ್ಟರು. ಬದಿಗಿಟ್ಟರು, ಕೈಬಿಡಲಿಲ್ಲ. ಇಂದಲ್ಲ ನಾಳೆ ಕಟ್ಟಿಯೇವು ಎಂಬ ಮಾತು ಅರ್ಧ ಶತಮಾನ ಬದುಕಿತ್ತು. ಒಕ್ಕಲುತನದ ಕುಟುಂಬಗಳು ತಮ್ಮದೇ ಆಗಿದ್ದ ಮನೆಗಳಲ್ಲಿ ಸರ್ಕಾರಕ್ಕೆ ಬಾಡಿಗೆ ಕಟ್ಟಿ ಉಳಿದವು. ಎಷ್ಟೋ ಮನೆಗಳ ಕಿಟಕಿಗೆ ಹಲಗೆ ಬಡಿದರು. ಇಲ್ಲಿ ನಿಲ್ದಾಣ ಕಟ್ಟುವುದಿಲ್ಲ ಎಂದು ಸರ್ಕಾರ ಹೇಳಿದ್ದು 2025ರ ಜನವರಿಯಲ್ಲಿ. 1972ರಲ್ಲಿ ಹುಟ್ಟಿದ ಮಗುವಿಗೆ ಆಗ ಐವತ್ತು ದಾಟಿತ್ತು.

ಗಡಿಗೆರೆಯೊಳಗೆ ಬಿದ್ದ ಇಂಥದ್ದೇ ಒಂದು ಮನೆಯೊಳಗೆ ನಾನು ಕೂತು ಬಂದಿದ್ದೇನೆ. ಹೊರಗೋಡೆಯ ಮೇಲೆ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದ ಸಂಖ್ಯೆ ಇತ್ತು. ಬಿಸಿಲಿಗೆ ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಯ ಮಾಡು ಸೋರುತ್ತಿತ್ತು, ಕೆಳಗೊಂದು ಪಾತ್ರೆ ಇಟ್ಟಿದ್ದರು. ಯಾಕೆ ರಿಪೇರಿ ಮಾಡಿಸಿಲ್ಲ ಎಂದು ಕೇಳಿದೆ. 'ನಾಳೆ ಒಡೆದು ಹಾಕುವ ಮನೆಗೆ ಯಾರು ದುಡ್ಡು ಹಾಕುತ್ತಾರೆ?' ಎಂದರು ಆ ಮನೆಯ ಹಿರಿಯಮ್ಮ. ಆ 'ನಾಳೆ' ಎಂಬ ಮಾತು ಹುಟ್ಟಿ ಹನ್ನೊಂದು ವರ್ಷ ಆಗಿತ್ತು. ಬ್ಯಾಂಕಿನವರು ಆ ಜಮೀನಿನ ಮೇಲೆ ಸಾಲ ಕೊಡುತ್ತಿರಲಿಲ್ಲ. ಕೊಳ್ಳುವವರೂ ಇರಲಿಲ್ಲ. ಯೋಜನೆಯ ಖರ್ಚುವೆಚ್ಚದ ಯಾವ ಪಟ್ಟಿಯಲ್ಲೂ ಆ ಪಾತ್ರೆಗೆ ಬಿದ್ದ ನೀರು ಇರಲಿಲ್ಲ. ಮಾನ್ಯರೇ, ಅಧ್ಯಯನ ಎಂದರೆ ಇದನ್ನೂ ಬರೆಯಬೇಕು. ಗೆರೆ ಎಳೆದ ದಿನದಿಂದ ಆ ಗೆರೆಯೊಳಗಿನವರಿಗೆ ಏನಾಗುತ್ತದೆ, ಎಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಎಂದು ಹೇಳುತ್ತೇವೆ, ಹೇಳಲಾಗದಿದ್ದರೆ ಅವರಿಗೆ ಏನು ಕೊಡುತ್ತೇವೆ.

ಹಾಗಾದರೆ ಜಾಗ ಮೊದಲೇ ಕಾದಿರಿಸುವುದು ತಪ್ಪಾ? ಅಲ್ಲ. ಸಿಡ್ನಿಯ ಎರಡನೇ ನಿಲ್ದಾಣಕ್ಕೆ ಬ್ಯಾಜರೀಸ್ ಕ್ರೀಕ್ ಎಂಬ ಜಾಗವನ್ನು 1986ರಲ್ಲೇ ಆರಿಸಿ, ಭೂಮಿ ಕೊಂಡಿಟ್ಟರು. ಕಟ್ಟುವ ತೀರ್ಮಾನ ಬಂದದ್ದು 2014ರಲ್ಲಿ. ನಡುವೆ ನಗರ ಎಷ್ಟು ಬೆಳೆದರೂ ಆ ಬಯಲು ಉಳಿದಿತ್ತು. ಭೂಮಿ ಕಾಪಾಡುವುದು ಬೇರೆ, ಕಟ್ಟಿಯೇ ತೀರುತ್ತೇವೆ ಎಂದು ಘೋಷಿಸುವುದು ಬೇರೆ. ಕೊಳ್ಳುವುದಾದರೆ ಕೇಳಿ, ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಜನರನ್ನು ನಡುನೀರಿನಲ್ಲಿ ಬಿಡಬೇಡಿ.

ದಾರಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಮರೆಯುತ್ತಾರೆ. ಈಕ್ವೆಡಾರ್‌ನ ಕೀಟೊ ನಗರ 2013ರ ಫೆಬ್ರವರಿಯಲ್ಲಿ ಊರ ನಡುವಿನ ನಿಲ್ದಾಣ ಮುಚ್ಚಿ ದೂರದ ಹೊಸ ನಿಲ್ದಾಣಕ್ಕೆ ಹೋಯಿತು. ಅಲ್ಲಿಗೆ ಹೋಗುವ ಹೊಸ ಹೆದ್ದಾರಿ ಪೂರ್ತಿಯಾಗಿದ್ದು 2014ರ ಕೊನೆಗೆ. ಅಲ್ಲಿಯವರೆಗೆ ಜನ ಇಕ್ಕಟ್ಟಿನ ಹಳೆಯ ರಸ್ತೆಗಳಲ್ಲಿ ಒದ್ದಾಡಿದರು. ಬೆಂಗಳೂರಿನಲ್ಲಿ ನಿಲ್ದಾಣ ಶುರುವಾಗಿ ಹದಿನೈದು ವರ್ಷ ಕಳೆದರೂ ಮೆಟ್ರೊ ಅಲ್ಲಿಗೆ ಮುಟ್ಟಿರಲಿಲ್ಲ. ಹಾಂಗ್‌ಕಾಂಗ್ ಬೇರೆ ರೀತಿ ಮಾಡಿತು. 1998ರ ಜುಲೈನಲ್ಲಿ ಕೈ ಟಾಕ್ ನಿಲ್ದಾಣದಿಂದ ರಾತ್ರೋರಾತ್ರಿ ಹೊಸದಕ್ಕೆ ಬದಲಾದರು. ದೊಡ್ಡ ತೂಗುಸೇತುವೆ ಅದಕ್ಕೂ ಒಂದು ವರ್ಷ ಮುಂಚೆ ತೆರೆದಿತ್ತು, ವೇಗದ ರೈಲೂ ನಿಲ್ದಾಣದ ಜೊತೆಗೇ ಶುರುವಾಯಿತು. ಮೊದಲ ದಿನಗಳಲ್ಲಿ ಸಾಮಾನು, ಸರಕು ಸಾಗಿಸುವುದರಲ್ಲಿ ಗೊಂದಲ ಆಯಿತು, ನಿಜ. ಆದರೆ ಜನ ನಿಲ್ದಾಣಕ್ಕೆ ಬರಲು ಪರದಾಡಲಿಲ್ಲ. ರೈಲಿನ ಖರ್ಚು, ರಸ್ತೆಯ ಖರ್ಚು ನಿಲ್ದಾಣದ ಲೆಕ್ಕದಲ್ಲೇ ಇರಬೇಕು. 'ಅದು ಇನ್ನೊಂದು ಇಲಾಖೆ ನೋಡಿಕೊಳ್ಳುತ್ತದೆ' ಎಂಬ ಸಾಲು ವರದಿಯಲ್ಲಿ ಕಂಡರೆ ಆ ವರದಿಯನ್ನು ವಾಪಸು ಕಳಿಸಿ.

ಹಳೆಯ ನಿಲ್ದಾಣದ ಗತಿ ಏನು ಎಂಬುದೂ ಮೊದಲೇ ಗೊತ್ತಾಗಬೇಕು. ಮುಚ್ಚುತ್ತೀರಾ, ಸಣ್ಣ ವಿಮಾನಗಳಿಗೆ ಬಿಡುತ್ತೀರಾ, ಎರಡನ್ನೂ ನಡೆಸುತ್ತೀರಾ? ಅಮೆರಿಕದ ಡಲ್ಲಾಸ್‌ನಲ್ಲಿ 1974ರಲ್ಲಿ ದೊಡ್ಡ ಹೊಸ ನಿಲ್ದಾಣ ಶುರುವಾಯಿತು. ಎಲ್ಲ ಕಂಪನಿಗಳೂ ಅಲ್ಲಿಗೆ ಹೋಗಬೇಕಿತ್ತು. ಸೌತ್‌ವೆಸ್ಟ್ ಎಂಬ ಹೊಸ ಕಂಪನಿ ನಾನು ಹಳೆಯ ಲವ್ ಫೀಲ್ಡ್‌ನಲ್ಲೇ ಇರುತ್ತೇನೆ ಎಂದು ಕೋರ್ಟಿಗೆ ಹೋಗಿ ಗೆದ್ದಿತು. ಅದರ ಗುದ್ದಾಟ ಅಮೆರಿಕದ ಸಂಸತ್ತು ಒಂದು ಕಾನೂನನ್ನೇ ತರುವ ತನಕ ಹೋಯಿತು. ಊರ ನಡುವಿನ ಹಳೆಯ ನಿಲ್ದಾಣದ ನೆಲಕ್ಕೆ ಬಂಗಾರದ ಬೆಲೆ ಇರುತ್ತದೆ. ಆ ಬೆಲೆಯ ಆಸೆಯಿಂದಲೇ 'ಹಳೆಯದು ಸಾಲದು' ಎಂಬ ಮಾತು ಹುಟ್ಟಿದೆಯಾ ಎಂದೂ ಒಮ್ಮೆ ಕೇಳಿಕೊಳ್ಳಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು.

ಇಷ್ಟೆಲ್ಲ ಅಧ್ಯಯನ ಎಂದರೆ ಸುಮ್ನೆ ಕಾಲಹರಣ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಬ್ರಿಟನ್ನಿನಲ್ಲಿ ಲಂಡನ್ನಿಗೆ ಮೂರನೇ ನಿಲ್ದಾಣ ಎಲ್ಲಿ ಎಂದು ಹುಡುಕಲು 1968ರಲ್ಲಿ ರಾಸ್ಕಿಲ್ ಆಯೋಗ ಶುರುವಾಯಿತು. 78 ಜಾಗಗಳಿಂದ ನಾಲ್ಕಕ್ಕೆ ಇಳಿಸಿ, ಎಲ್ಲಕ್ಕೂ ದುಡ್ಡಿನ ಲೆಕ್ಕ ಕಟ್ಟಿ, ಕೊನೆಗೆ ಒಳನಾಡಿನ ಕಬ್ಲಿಂಗ್‌ಟನ್ ಎಂಬ ಜಾಗವೇ ಸರಿ ಎಂದು ಹೇಳಿತು. ಆಯೋಗದ ಸದಸ್ಯರಲ್ಲೇ ಒಬ್ಬರಾದ ಕಾಲಿನ್ ಬುಕಾನನ್ ಒಪ್ಪಲಿಲ್ಲ. ಒಳನಾಡಿನ ಹಳ್ಳಿಗಾಡನ್ನು ಹಾಳು ಮಾಡುವುದು ಬೇಡ ಎಂದು ಬೇರೆಯೇ ಅಭಿಪ್ರಾಯ ಬರೆದರು. ಸರ್ಕಾರ ಆಯೋಗದ ಮಾತು ಬಿಟ್ಟು 1971ರಲ್ಲಿ ಕಡಲ ತೀರದ ಇನ್ನೊಂದು ಜಾಗ ಆರಿಸಿತು. 1974ರಲ್ಲಿ ಅದನ್ನೂ ರದ್ದು ಮಾಡಿತು. ಆರು ವರ್ಷ ಹೋಯಿತು ಎನ್ನಬಹುದು. ನಾನು ಬೇರೆ ರೀತಿ ನೋಡುತ್ತೇನೆ. ಕಬ್ಲಿಂಗ್‌ಟನ್‌ನ ಮನೆಗಳು ನಿಂತಿವೆ. ಸುತ್ತಲಿನ ಹೊಲಗಳಲ್ಲಿ ಇಂದಿಗೂ ಬೆಳೆ ಬರುತ್ತದೆ. ಕಾಗದದ ಮೇಲೆ ತಪ್ಪಿದರೆ ಅಳಿಸಬಹುದು.

ಅಧ್ಯಯನ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಪೋರ್ಚುಗಲ್‌ನ ಲಿಸ್ಬನ್ ಇದೆ. ಅಲ್ಲಿಯೂ ಊರೊಳಗಿನ ಹಳೆಯ ನಿಲ್ದಾಣಕ್ಕೆ ಬದಲಿ ಬೇಕಿತ್ತು. ಸರ್ಕಾರ 1999ರಲ್ಲಿ ಓಟಾ ಎಂಬ ಜಾಗ ಆರಿಸಿ, ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡಿತ್ತು. ನದಿಯ ಆಚೆ ದಡ ಬೇಡವೇ ಬೇಡ ಎಂದು ಮಂತ್ರಿಯೇ ಹೇಳಿದ್ದರು. ಟೀಕೆ ಜೋರಾದಾಗ 2007ರಲ್ಲಿ ದೇಶದ ಸಿವಿಲ್ ಇಂಜಿನಿಯರಿಂಗ್ ಪ್ರಯೋಗಾಲಯಕ್ಕೆ ಓಟಾವನ್ನೂ, ಆಚೆ ದಡದ ಅಲ್ಕೊಶೆಟೆಯನ್ನೂ ಹೋಲಿಸಿ ನೋಡಲು ಹೇಳಿದರು. 2008ರ ಜನವರಿಯಲ್ಲಿ ಅಲ್ಕೊಶೆಟೆಯೇ ಮೇಲು ಎಂದು ವರದಿ ಬಂತು. ಸರ್ಕಾರ ತನ್ನ ಮಾತು ಬದಲಿಸಿತು. ಹಟ ಹಿಡಿಯಲಿಲ್ಲ. ಮುಂದೆ ದುಡ್ಡಿನ ಮುಗ್ಗಟ್ಟು ಬಂದು ಎಲ್ಲ ನಿಂತಿತು. ಮತ್ತೆ ಬೇರೆ ಜಾಗಗಳ ಮಾತು ಬಂತು. 2022ರಲ್ಲಿ ಸ್ವತಂತ್ರ ತಾಂತ್ರಿಕ ಸಮಿತಿಯೊಂದನ್ನು ಮಾಡಿ ಹಲವು ಆಯ್ಕೆಗಳನ್ನು ಒಟ್ಟಿಗೆ ತೂಗಿಸಿದರು. ಅದರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಅಲ್ಕೊಶೆಟೆಗೇ ಬಂದು ನಿಂತಿತು. ಅದು ಸೇನೆಯ ಗುಂಡು ಹಾರಿಸುವ ಬಯಲು, ಸರ್ಕಾರದ್ದೇ ನೆಲ. ತಡವಾಯಿತು, ಒಪ್ಪುತ್ತೇನೆ. ಆದರೆ ಎರಡು ಬೇರೆ ಬೇರೆ ಕಾಲದ ಅಧ್ಯಯನ ಒಂದೇ ಜಾಗಕ್ಕೆ ಬೆರಳು ತೋರಿಸಿದಾಗ ಜನರಿಗೆ ನಂಬಿಕೆ ಬರುತ್ತದೆ, ಅಲ್ವಾ?

ಮೆಕ್ಸಿಕೊ ನಗರದಲ್ಲಿ ಉಲ್ಟಾ ಆಯಿತು. ಟೆಸ್ಕೊಕೊದ ಹಳೆಯ ಸರೋವರದ ತಳದಲ್ಲಿ ದೊಡ್ಡ ನಿಲ್ದಾಣ ಅರ್ಧಂಬರ್ಧ ಎದ್ದ ಮೇಲೆ 2018ರಲ್ಲಿ ಅದನ್ನು ರದ್ದು ಮಾಡಿದರು. ರದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಆದರೆ ಜಾಗದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಕಂಬ ಎದ್ದು ನಿಂತ ಮೇಲೆ ಕೇಳಿದರೆ ಯಾವ ಉತ್ತರ ಬಂದರೂ ನಷ್ಟವೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಅಧ್ಯಯನ ಮಾಡುವವರಿಗೆ ಮುಂದೆ ಕಟ್ಟುವ ಗುತ್ತಿಗೆಯಲ್ಲಿ ಪಾಲು ಇರಬಾರದು. ಹೊಸದು ಬೇಡ, ಹಳೆಯದನ್ನೇ ಸುಧಾರಿಸೋಣ ಎಂಬ ಆಯ್ಕೆಗೂ ಉಳಿದವುಗಳಷ್ಟೇ ಪುಟ, ಅಷ್ಟೇ ಶ್ರದ್ಧೆ ಸಿಗಬೇಕು. ಪಾಳುಬಿದ್ದ ಅಥವಾ ಮುಚ್ಚಲಿರುವ ವಾಯುನೆಲೆ ಹತ್ತಿರ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಅಮೆರಿಕದ ಆಸ್ಟಿನ್ ನಗರ ಹಾಗೆ ಮಾಡಿತು. 1993ರಲ್ಲಿ ಮುಚ್ಚಿದ ವಾಯುನೆಲೆಯ ರನ್‌ವೇ ಬಳಸಿಕೊಂಡು 1999ರಲ್ಲಿ ತನ್ನ ಹಳೆಯ ನಿಲ್ದಾಣವನ್ನು ಅಲ್ಲಿಗೆ ಸಾಗಿಸಿತು. ವರದಿಯ ಕರಡು ಮೊದಲು ಜನರ ಕೈಗೆ ಬರಲಿ. ಸಾರಾಂಶದ ನಾಲ್ಕು ಪುಟ ಸಾಲದು, ಅಂಕಿಗಳ ಪಟ್ಟಿಯೂ ಸೇರಿ ಪೂರ್ತಿ ಬರಲಿ, ಅಲ್ಲಿನ ಜನ ಓದುವ ಭಾಷೆಯಲ್ಲೇ ಬರಲಿ. ಆ ಬಯಲಿನಲ್ಲಿ ನಲವತ್ತು ವರ್ಷ ಎಮ್ಮೆ ಮೇಯಿಸಿದವರಿಗೆ ಮಂಜು ಯಾವ ತಿಂಗಳು ಕೂರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರುತ್ತದೆ. ಅವರನ್ನು ಕೇಳಿ, ಕೇಳಿದ್ದನ್ನು ಬರೆದುಕೊಳ್ಳಿ, ಆಮೇಲೆ ಯಂತ್ರದ ಅಳತೆಯ ಜೊತೆ ಹೋಲಿಸಿ.

ಒಂದು ಕೆಲಸವನ್ನಂತೂ ನಾಳೆಯೇ ಶುರು ಮಾಡಬಹುದು. ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದು ಜಾಗದಲ್ಲೂ ಗಾಳಿ ಮತ್ತು ಮಂಜು ಅಳೆಯುವ ಒಂದು ಕಂಬ ನೆಡಿಸಿ. ಹತ್ತಡಿ ಜಾಗ ಸಾಕು. ಅದಕ್ಕಾಗಿ ಯಾರ ಮನೆಯೂ ಒಡೆಯಬೇಕಿಲ್ಲ, ಯಾರ ಗೋಡೆಯ ಮೇಲೂ ಕೆಂಪು ಸಂಖ್ಯೆ ಬರೆಯಬೇಕಿಲ್ಲ. ಪ್ರತಿ ದಿನದ ಅಳತೆ ಅವತ್ತೇ ಎಲ್ಲರಿಗೂ ಕಾಣುವಂತೆ ಹಾಕಿ. 14,600ರಲ್ಲಿ ಮೊದಲನೆಯದು ನಾಳೆ ಬೆಳಗಿನ ಜಾವದ್ದಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ